ಉಸಿರಿಗೂ ಒಂದು ಅಳತೆ

‘ವೆಂಟಿಲೇಟರ್ ಹಾಕಿದ್ದಾರಂತೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಹೆಂಗಸರ ಎದೆ ಝಲ್ಲೆನ್ನುತ್ತದೆ. 2020ರಲ್ಲಿ ಕೊರೋನಾ ಬಂದ ಮೇಲಂತೂ ಆ ಪದ ಕೇಳದ ಮನೆಯಿಲ್ಲ. ಆದರೆ ಅದರ ಹಿಂದಿನ ಕಥೆ ಬಲ್ಲವರು ಕಡಿಮೆ. ಆ ಕಥೆ ಓದುತ್ತಾ ಹೋದಾಗ ನನಗೆ ಕಂಡದ್ದು ಮನುಷ್ಯರ ಕೈಗಳು.

ಶಾಲೆಯಲ್ಲಿ ಇತಿಹಾಸ ಹೇಳಿಕೊಡುವ ನನಗೆ 1952 ಎಂದರೆ ನಮ್ಮ ದೇಶದ ಮೊದಲ ಮಹಾಚುನಾವಣೆ ಮುಗಿದ ವರ್ಷ. ಅದೇ ವರ್ಷ ದೂರದ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಪೋಲಿಯೊ ಆವರಿಸಿತು. ಅಲ್ಲಿನ ಬ್ಲೆಗ್‌ಡಾಮ್ ಆಸ್ಪತ್ರೆಗೆ ಒಂದೊಂದು ದಿನ ಐವತ್ತರಷ್ಟು ರೋಗಿಗಳು ಬಂದದ್ದುಂಟು. ಹೆಚ್ಚಿನವರು ಮಕ್ಕಳು. ಗಂಟಲು, ಎದೆಯ ಸ್ನಾಯುಗಳು ಸೋತು ಜೊಲ್ಲು ನುಂಗಲಾರದೆ, ಉಸಿರೆಳೆಯಲಾರದೆ ಒದ್ದಾಡುತ್ತಿದ್ದರು. ಆಸ್ಪತ್ರೆಯಲ್ಲಿದ್ದದ್ದು ಒಂದೇ ಒಂದು ‘ಕಬ್ಬಿಣದ ಶ್ವಾಸಕೋಶ’, ಎದೆಗೆ ಕಟ್ಟುವ ಆರು ಸಣ್ಣ ಯಂತ್ರಗಳು. ಮೊದಲ ಮೂರು ವಾರಗಳಲ್ಲಿ ಇವುಗಳ ನೆರವು ಪಡೆದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು.

ಮುಖ್ಯ ವೈದ್ಯ ಲಾಸೆನ್ ಅವರು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರನ್ನು ಕರೆಸಿದರು. ಸತ್ತವರ ರಕ್ತಪರೀಕ್ಷೆಯ ವರದಿ ನೋಡಿದ ಇಬ್ಸೆನ್, ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದುಹೋಗುತ್ತಿದೆ ಎಂದರು. ಆಗಸ್ಟ್ 27ರಂದು 12 ವರ್ಷದ ಹುಡುಗಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿ, ಕೊಳವೆ ಹಾಕಿ, ರಬ್ಬರ್ ಚೀಲ ಹಿಸುಕಿ ಗಾಳಿ ತುಂಬಲು ನೋಡಿದರು. ಮಗು ಒದ್ದಾಡಿತು, ಗಾಳಿ ಒಳಹೋಗಲಿಲ್ಲ. ಆಗ ಇಬ್ಸೆನ್ 100 ಮಿಲಿಗ್ರಾಂ ಪೆಂಟೊಥಾಲ್ ಕೊಟ್ಟರು. ಹುಡುಗಿಯ ಸ್ವಂತ ಉಸಿರು ನಿಂತೇಹೋಯಿತು. ಆದರೆ ಒದ್ದಾಟವೂ ನಿಂತದ್ದರಿಂದ ಚೀಲದ ಗಾಳಿ ಎದೆ ತುಂಬಿತು, ಮುಖಕ್ಕೆ ಕಳೆ ಬಂತು. ಯಂತ್ರದ ಉಸಿರಿಗೂ ನಿದ್ದೆಯ ಮದ್ದಿಗೂ ಇರುವ ನಂಟು ಅಂದೇ ಬಿದ್ದಿತ್ತು.

ಮುಂದೆ ಒಮ್ಮೊಮ್ಮೆ 70 ಮಂದಿಗೆ ಒಟ್ಟಿಗೆ ಚೀಲ ಹಿಸುಕಬೇಕಾಗಿ ಬಂತು. ಅಷ್ಟು ಯಂತ್ರಗಳೆಲ್ಲಿದ್ದವು? ವೈದ್ಯವಿದ್ಯಾರ್ಥಿಗಳೇ ಬಂದರು, ಒಟ್ಟು ಸುಮಾರು 1500 ಮಂದಿ. ಪಾಳಿಯ ಮೇಲೆ ಹಗಲೂ ರಾತ್ರಿ ಹಾಸಿಗೆಯ ಪಕ್ಕ ಕೂತು, ಮಗುವಿನ ಮುಖ ನೋಡುತ್ತಾ ಹಿಸುಕಿದರು. ನೂರಕ್ಕೆ ಎಂಬತ್ತು ಮೀರಿದ್ದ ಸಾವು ನಲವತ್ತರ ಆಸುಪಾಸಿಗೆ ಇಳಿಯಿತು. 1953ರ ಕೊನೆಯಲ್ಲಿ ಇಬ್ಸೆನ್ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಪ್ರತ್ಯೇಕ ವಾರ್ಡು ತೆರೆದರು. ಇಂದಿನ ಐ.ಸಿ.ಯು.ಗಳ ಮೂಲ ಅದು ಎನ್ನುತ್ತಾರೆ.

ಕೈಯ ಕೆಲಸವನ್ನು ಕ್ರಮೇಣ ಯಂತ್ರ ವಹಿಸಿಕೊಂಡಿತು. ಆದರೆ ಎಷ್ಟು ಗಾಳಿ ಕೊಡಬೇಕು? ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂದು ಬಹುಕಾಲ ನಂಬಿದ್ದರು. ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತು ಇಲ್ಲಿಯೂ ನಿಜವಾಯಿತು. ಶ್ವಾಸಕೋಶ ತೀವ್ರವಾಗಿ ಕೆಟ್ಟಿದ್ದ 861 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಒಂದೊಂದು ಉಸಿರಿಗೆ ಕೆ.ಜಿ.ಗೆ 12 ಮಿ.ಲೀ. ಲೆಕ್ಕದಲ್ಲಿ ಗಾಳಿ ಕೊಟ್ಟವರಲ್ಲಿ ನೂರಕ್ಕೆ 39.8 ಮಂದಿ ಸತ್ತರೆ, 6 ಮಿ.ಲೀ. ಲೆಕ್ಕದವರಲ್ಲಿ ಸತ್ತವರು 31. ಮೊದಲೇ ಕೆಟ್ಟ ಶ್ವಾಸಕೋಶ ಹೆಚ್ಚಿನ ಗಾಳಿಯಿಂದ ಹಿಗ್ಗಿ ಇನ್ನಷ್ಟು ಘಾಸಿಯಾಗುತ್ತಿತ್ತು.

ಈ ಕೆ.ಜಿ. ಲೆಕ್ಕ ತಕ್ಕಡಿಯದಲ್ಲ, ಎತ್ತರದ್ದು. ಮೈ ದಪ್ಪವಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲವಷ್ಟೆ! ಐದಡಿಯ ಹೆಂಗಸಿಗೆ ಸೂತ್ರ ಕೊಡುವ ತೂಕ 45.5 ಕೆ.ಜಿ., ಆಕೆ 70 ಕೆ.ಜಿ. ತೂಗಿದರೂ ಅಷ್ಟೇ. ಆರರಂತೆ ಗುಣಿಸಿದರೆ 273 ಮಿ.ಲೀ., ಅಂದರೆ ಕಾಲು ಲೀಟರಿಗಿಂತ ಚೂರು ಹೆಚ್ಚು. ಕುಳ್ಳಗಿರುವ ಹೆಂಗಸರಿಗೆ, ಎತ್ತರ ಅಳೆಯದೆ ಕಣ್ಣಂದಾಜಿನಲ್ಲಿ ಗಾಳಿ ಕೊಟ್ಟರೆ, ಅದು ಮಿತಿ ಮೀರುವ ಸಂಭವ ಹೆಚ್ಚು.

ಔಷಧಿಯ ಮಾತೂ ಹೀಗೆಯೇ. ಯಂತ್ರದ ಉಸಿರಿಗೆ ಹೊಂದಿಕೊಳ್ಳಲೆಂದು, ನೋವು ತಿಳಿಯದಿರಲೆಂದು ನಿದ್ದೆಯ ಮದ್ದು ಕೊಡುತ್ತಾರೆ. ಆದರೆ ಅಂಥ ರೋಗಿಯ ಮೂತ್ರಪಿಂಡ, ಯಕೃತ್ತು ಸೋತಿದ್ದರೆ ಮದ್ದು ಮೈಯಿಂದ ಹೊರಹೋಗದೆ ಕೂಡಿಕೊಳ್ಳುತ್ತದೆ. ನಿನ್ನೆ ಸರಿಯಾಗಿದ್ದ ಅಳತೆ ಇಂದು ಹೆಚ್ಚಾಗಬಹುದು. ಶಿಕಾಗೊದ ವೈದ್ಯರು 128 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೊಮ್ಮೆ ಈ ಮದ್ದು ನಿಲ್ಲಿಸಿ ಎಚ್ಚರ ಬರಿಸಿ ನೋಡಿದರು. 2000ದಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಗುಂಪಿನವರು ಯಂತ್ರದ ಮೇಲಿದ್ದ ಕಾಲ ಸುಮಾರು 4.9 ದಿನ, ಮಿಕ್ಕವರದು 7.3 ದಿನ.

ಐ.ಸಿ.ಯು. ಬಾಗಿಲ ಹೊರಗೆ, ಫ್ಲಾಸ್ಕು, ಹೊದಿಕೆ ಹಿಡಿದು ದಿನಗಟ್ಟಲೆ ಕೂರುವವರಲ್ಲಿ ಹೆಂಗಸರೇ ಹೆಚ್ಚು. ಡಾಕ್ಟರು ಬಂದರೆ ನಾವು ಎದ್ದು ನಿಲ್ಲುತ್ತೇವೆ, ‘ಹೇಗಿದ್ದಾರೆ ಸಾರ್?’ ಎನ್ನುತ್ತೇವೆ, ‘ಹಾಗೇ ಇದ್ದಾರಮ್ಮ’ ಎಂಬ ಉತ್ತರ ಕೇಳಿ ಕೂರುತ್ತೇವೆ. ಇನ್ನೂ ಒಂದೆರಡು ಮಾತು ಕೇಳಬಹುದು. ಎತ್ತರ ಅಳೆದಿದ್ದೀರಾ? ಕಿಡ್ನಿ ನೋಡಿ ಔಷಧಿ ಹೊಂದಿಸಿದ್ದೀರಾ? ಇವತ್ತು ನಿದ್ದೆಯ ಮದ್ದು ತಗ್ಗಿಸಿ ಎಚ್ಚರ ಮಾಡಿ ನೋಡಲಾದೀತೇ? ಆಗದು ಎಂದರೆ ಅದಕ್ಕೂ ಕಾರಣ ಇದ್ದೀತು, ಒಳ್ಳೆಯ ವೈದ್ಯರು ತಿಳಿಸಿಯೇ ತಿಳಿಸುತ್ತಾರೆ. ಇದು ಅಧಿಕಪ್ರಸಂಗವೆಂದು ಹಿಂಜರಿಯಬೇಕಾಗಿಲ್ಲ. ಅಂದು ಕೋಪನ್‌ಹೇಗನ್ನಿನಲ್ಲಿ ಆ ಹುಡುಗರು ರಾತ್ರಿಯಿಡೀ ಮಾಡಿದ್ದೂ ಇದನ್ನೇ: ಮುಖ ನೋಡಿ, ಅಳತೆ ನೋಡಿ, ಮತ್ತೆ ಹಿಸುಕಿದರು.