ಟೇಬಲ್ ಬಿಸಾಕಿದ್ಮೇಲೆ ವೇಗ ಹೆಚ್ಚಾದ ಕಥೆ

(5 ಪೋಸ್ಟ್ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ)

1/5
ನಿಮ್ಮ ಏರಿಯಾ ಮೆಡಿಕಲ್ ಸ್ಟೋರ್ ನೆನಪಿಸ್ಕೊಳ್ಳಿ. ಜ್ವರದ ಮಾತ್ರೆ ಕೇಳಿದ್ರೆ ಅಂಗಡಿಯಣ್ಣ ಕೂತಲ್ಲೇ ಡ್ರಾಯರ್ ಎಳೆದು ಕೊಡ್ತಾರೆ. ಅಪರೂಪದ ಮಾತ್ರೆ ಆದ್ರೆ ಹಿಂದಿನ ರೂಮಿಗೆ ಹೋಗಿ ಹುಡುಕ್ಬೇಕು. ರಸ್ತೆ ಆಚೆ ಗಡಿಯಾರ ಹಿಡ್ಕೊಂಡು ನಿಂತಿರೋನಿಗೆ ನಿಮ್ಮ ಚೀಟಿ ಕಾಣ್ಸಲ್ಲ, ಮಾತು ಕೇಳ್ಸಲ್ಲ. ಆದ್ರೂ ನೀವು ತಗೊಂಡಿದ್ದು ಮಾಮೂಲಿ ಮಾತ್ರೆ ಅಲ್ಲ ಅಂತ ಗೊತ್ತಾಗುತ್ತೆ.

ನಮ್ಮ ಚಾಟು, ಬ್ಯಾಂಕು ಎಲ್ಲವನ್ನೂ ಕಾಯೋ ಎಇಎಸ್ ಅನ್ನೋ ಎನ್‌ಕ್ರಿಪ್ಷನ್ ಸೈಫರ್ ಒಂದು ಕಾಲದಲ್ಲಿ ಇದೇ ಥರ ಸಿಕ್ಕಿಬಿದ್ದಿತ್ತು. ಗಣಿತದಲ್ಲಿ ತಪ್ಪಿರಲಿಲ್ಲ. ಮಾತ್ರೆ ಹುಡುಕೋ ಟೈಮ್‌ನಲ್ಲಿ ತಪ್ಪಿತ್ತು.

2/5
ಅಮೆರಿಕದ ಹಳೆಯ ಸೈಫರ್ ಡಿಇಎಸ್ 1977ರದ್ದು. ಅದರ ಕೀಲಿ ಬರೀ 56 ಬಿಟ್. ಇಪ್ಪತ್ತು ವರ್ಷ ಆಗೋ ಹೊತ್ತಿಗೆ ಅದು ಸಾಲದಾಯ್ತು. 1997ರಲ್ಲಿ ಅಲ್ಲಿನ ಮಾನಕ ಸಂಸ್ಥೆ ನಿಸ್ಟ್ ಹೊಸದಕ್ಕೆ ಜಗತ್ತಿಗೆಲ್ಲ ಆಹ್ವಾನ ಕೊಟ್ಟಿತು. 15 ಸೈಫರ್ ಕಣಕ್ಕಿಳಿದವು, 5 ಫೈನಲ್‌ಗೆ ಬಂದವು. 2000ದ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಸಮ್ಮೇಳನಕ್ಕೆ ಬಂದವರ ಅಭಿಪ್ರಾಯ ಕೇಳಿದಾಗ ಬೆಲ್ಜಿಯಂನ ಡೇಮನ್ ಮತ್ತು ರೈಮನ್ ರಚಿಸಿದ ರೈನ್‌ಡಾಲ್‌ಗೆ 86 ಮತ, ಎರಡನೇ ಸ್ಥಾನದ ಸರ್ಪೆಂಟ್‌ಗೆ 59. (ಸರ್ಪೆಂಟ್ ಹೆಸರು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.) ಅದೇ ಅಕ್ಟೋಬರ್‌ನಲ್ಲಿ ರೈನ್‌ಡಾಲ್ ಗೆದ್ದು, 2001ರ ನವೆಂಬರ್‌ನಲ್ಲಿ ಎಇಎಸ್ ಅನ್ನೋ ಹೆಸರಲ್ಲಿ ಅಧಿಕೃತ ಆಯ್ತು.

ಎಇಎಸ್‌ನಲ್ಲಿ ಪ್ರತಿ ಬೈಟಿಗೂ ಬದಲಿ ಬೈಟ್ ಹಾಕೋ ಒಂದು ಹಂತ ಇದೆ. ಆ ಬದಲಿಯನ್ನ ಪ್ರತಿ ಸಲ ಲೆಕ್ಕ ಹಾಕೋದು ನಿಧಾನ. ಪಿಯುಸಿಯಲ್ಲಿ ಲಾಗ್ ಟೇಬಲ್ ಇಟ್ಕೊಂಡಿರ್ತಿದ್ರಲ್ಲ, ಹಾಗೇ 256 ಉತ್ತರಗಳನ್ನ ಮೊದಲೇ ಬರೆದಿಟ್ಟು ನೋಡ್ಕೊಳ್ಳೋದು ಸುಲಭ. ಪ್ರೋಗ್ರಾಮರ್‌ಗಳು ಇನ್ನೂ ಮುಂದೆ ಹೋಗಿ, ನಂತರದ ಹಂತವನ್ನೂ ಅದಕ್ಕೇ ಸೇರಿಸಿ, 1 ಕೆಬಿಯ ನಾಲ್ಕು ಟೇಬಲ್ ಮಾಡ್ಕೊಂಡ್ರು. ಸಖತ್ ಸ್ಪೀಡು.

ಸಮಯ ನೋಡಿ ಗುಟ್ಟು ಕದಿಯಬಹುದು ಅಂತ ಪಾಲ್ ಕೋಚರ್ 1996ರಲ್ಲೇ ತೋರಿಸಿದ್ದರು. ನಿಸ್ಟ್‌ಗೂ ಅದು ಗೊತ್ತಿತ್ತು. ಗುಣಾಕಾರ ಬಳಸೋ ಸೈಫರ್‌ಗಳನ್ನ ಇಂಥ ದಾಳಿಯಿಂದ ಕಾಪಾಡೋದು ಕಷ್ಟ ಅಂತ ತನ್ನ ವರದಿಯಲ್ಲಿ ಅದು ಬರೆದೂ ಇತ್ತು. ಆದರೆ ಟೇಬಲ್ ನೋಡೋದಕ್ಕೆ ಈ ಅಪಾಯ ಇಲ್ಲ ಅಂತ ಅದೇ ವರದಿ ಷರಾ ಬರೆದುಬಿಟ್ಟಿತು! ಆಡಿಟಿಂಗ್ ಪೇಪರ್ ಓದೋವಾಗೆಲ್ಲ ನಂಗೆ ಈ ಷರಾ ನೆನಪಾಗುತ್ತೆ. ಎಲ್ಲ ಲೆಡ್ಜರ್ ಚೆಕ್ ಮಾಡಿ, ಕಳ್ಳತನ ನಡೆಯೋ ಒಂದೇ ಲೆಡ್ಜರ್‌ಗೆ ಕಣ್ಣುಮುಚ್ಚಿ ಟಿಕ್ ಹಾಕ್ದಂಗೆ.

3/5
ಕಂಪ್ಯೂಟರ್ ಮೆಮೊರಿ ಎಲ್ಲ ಒಂದೇ ದೂರದಲ್ಲಿಲ್ಲ. ಪ್ರೊಸೆಸರ್ ಪಕ್ಕದಲ್ಲೇ ಕ್ಯಾಶೆ ಅನ್ನೋ ಪುಟ್ಟ ಡ್ರಾಯರ್, ದೂರದಲ್ಲಿ ರ‍್ಯಾಮ್ ಅನ್ನೋ ಹಿಂದಿನ ರೂಮು. ಟೇಬಲ್‌ನ ಯಾವ ಸಾಲು ಬೇಕು ಅನ್ನೋದನ್ನ ಮೊದಲ ಸುತ್ತಿನಲ್ಲಿ ನಿರ್ಧರಿಸೋದು ಸಂದೇಶದ ಬೈಟು ಮತ್ತು ಕೀಲಿಯ ಬೈಟು ಸೇರಿ. ಸಂದೇಶ ಗೊತ್ತಿದ್ದು, ಸಾಲು ಊಹಿಸೋಕೆ ಆದ್ರೆ ಕೀಲಿ ಕೈಗೆ ಬಂತು.

2005ರಲ್ಲಿ ಡೇನಿಯಲ್ ಬರ್ನ್‌ಸ್ಟೀನ್ ಇದನ್ನೇ ಮಾಡಿ ತೋರಿಸಿದರು. ಬೇರೆ ಕಂಪ್ಯೂಟರಲ್ಲಿ ಕೂತು, ನೆಟ್‌ವರ್ಕ್ ಮೂಲಕ ಬಂದ ಸಮಯಗಳನ್ನಷ್ಟೇ ನೋಡಿ ಸರ್ವರ್‌ನ ಎಇಎಸ್ ಕೀಲಿ ಪೂರ್ತಿ ತೆಗೆದರು. ಆ ಪ್ರಯೋಗದಲ್ಲಿ ಸರ್ವರ್ ತನ್ನ ಸಮಯವನ್ನ ತಾನೇ ಉತ್ತರದಲ್ಲಿ ಸೇರಿಸಿ ಕಳಿಸ್ತಿತ್ತು. ಹಾಗಾಗಿ ‘ಇದೆಲ್ಲ ಲ್ಯಾಬಲ್ಲಿ ಮಾತ್ರ ಬಿಡಿ’ ಅನ್ನೋಕೆ ಸ್ವಲ್ಪ ಜಾಗ ಉಳಿದಿತ್ತು. ಆ ಜಾಗವನ್ನ ಓಸ್ವಿಕ್, ಶಮೀರ್, ಟ್ರೋಮರ್ ಮುಚ್ಚಿದರು. ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ಇದ್ದ ಕಂಪ್ಯೂಟರಲ್ಲಿ ಯಾವ ವಿಶೇಷ ಅಧಿಕಾರವೂ ಇಲ್ಲದ ಒಂದು ಮಾಮೂಲಿ ಪ್ರೋಗ್ರಾಂ ಓಡಿಸಿ, 65 ಮಿಲಿಸೆಕೆಂಡ್ ಅಳತೆ, 3 ಸೆಕೆಂಡ್ ಲೆಕ್ಕ, ಕೀಲಿ ಹೊರಗೆ. ರೀಲ್ ಒಂದು ಲೋಡ್ ಆಗೋದ್ರೊಳಗೆ ಗುರು!

4/5
ಹಾಗಾದ್ರೆ ಟೇಬಲ್ಲೇ ಬೇಡ. ಆದ್ರೆ ಪ್ರತಿ ಸಲ ಲೆಕ್ಕ ಹಾಕಿದ್ರೆ ನಿಧಾನ ಆಗುತ್ತಲ್ಲ?

ಇದಕ್ಕೆ ಉತ್ತರ ಹಳೇ ಪೆಟ್ಟಿಗೆಯಲ್ಲಿತ್ತು. 1997ರಲ್ಲಿ ಇಸ್ರೇಲಿನ ಎಲಿ ಬಿಹಾಮ್ ಅದೇ ಡಿಇಎಸ್‌ಗೆ ಒಂದು ಉಪಾಯ ಬರೆದಿದ್ದರು. ವ್ಯಾಲ್ಯುಯೇಷನ್‌ನಲ್ಲಿ ಒಂದೊಂದು ಪೇಪರ್ ಪೂರ್ತಿ ತಿದ್ದೋ ಬದಲು 64 ಪೇಪರಿನ ಮೊದಲ ಪ್ರಶ್ನೆ, ಆಮೇಲೆ 64ರದ್ದೂ ಎರಡನೇ ಪ್ರಶ್ನೆ ಅಂತ ಹೋದ ಹಾಗೆ. 64 ಬ್ಲಾಕ್‌ಗಳ ಮೊದಲ ಬಿಟ್ ಎಲ್ಲ ಒಂದು 64 ಬಿಟ್ ರಿಜಿಸ್ಟರ್‌ನಲ್ಲಿ, ಎರಡನೇ ಬಿಟ್ ಎಲ್ಲ ಇನ್ನೊಂದರಲ್ಲಿ. ಆಗ ಟೇಬಲ್ ಅನ್ನೋದು ಆಂಡ್, ಆರ್, ಎಕ್ಸಾರ್‌ಗಳ ಸರ್ಕ್ಯೂಟ್ ಆಗಿ ಕರಗಿಹೋಗುತ್ತೆ. ಒಂದು ಆಜ್ಞೆ, 64 ಬ್ಲಾಕ್‌ಗೆ ಕೆಲಸ. ಆಲ್ಫಾ ಕಂಪ್ಯೂಟರಲ್ಲಿ ಅದುವರೆಗಿನ ಡಿಇಎಸ್‌ಗಿಂತ ಸುಮಾರು 5 ಪಟ್ಟು ವೇಗ. ಇದಕ್ಕೆ ಬಿಟ್‌ಸ್ಲೈಸಿಂಗ್ ಅಂತ ಹೆಸರು. ಬಿಹಾಮ್ ಹುಡುಕಿದ್ದು ಬರೀ ವೇಗಕ್ಕೆ. ಆದರೆ ಗುಟ್ಟು ನೋಡ್ಕೊಂಡು ಮೆಮೊರಿಗೆ ಹೋಗೋದೇ ಇಲ್ಲವಾದ್ದರಿಂದ ರಸ್ತೆ ಆಚೆ ನಿಂತವನಿಗೆ ನೋಡೋಕೆ ಏನೂ ಉಳಿಯಲ್ಲ.

ಈಗ ಸರ್ಪೆಂಟ್. ಅದನ್ನ ಆಂಡರ್ಸನ್, ನುಡ್ಸೆನ್ ಜೊತೆ ಸೇರಿ ರಚಿಸಿದ್ದು ಇದೇ ಬಿಹಾಮ್, ಅದೂ ಬಿಟ್‌ಸ್ಲೈಸಿಂಗ್‌ಗೆ ಅಂತಲೇ. ಸಾಫ್ಟ್‌ವೇರಲ್ಲಿ ರೈನ್‌ಡಾಲ್‌ಗಿಂತ ನಿಧಾನ, ಸೋತಿತು. ಗೆದ್ದವನಿಗೆ ಕಷ್ಟ ಬಂದಾಗ ಸೋತವನ ವಿದ್ಯೆಯೇ ಬೇಕಾಯ್ತು. ಈ ಇಡೀ ಕಥೆಯಲ್ಲಿ ನಂಗಿಷ್ಟ ಆಗಿದ್ದೇ ಇದು.

2009ರಲ್ಲಿ ಎಮಿಲಿಯಾ ಕಾಸ್ಪರ್ ಮತ್ತು ಪೀಟರ್ ಶ್ವಾಬೆ ಇಂಟೆಲ್ ಕೋರ್ 2ಗೆ ಟೇಬಲ್ ಇಲ್ಲದ ಎಇಎಸ್ ಬರೆದರು. 8 ಬ್ಲಾಕ್ ಅಂದ್ರೆ 128 ಬೈಟ್ ಒಟ್ಟಿಗೆ, 8 ರಿಜಿಸ್ಟರ್‌ನಲ್ಲಿ. ಬೈಟಿಗೆ 7.59 ಸೈಕಲ್, ಅಂದ್ರೆ ಹಿಂದಿನವುಗಳಿಗಿಂತ 25% ತನಕ ವೇಗ. ಸುರಕ್ಷತೆ ಬೇಕಂದ್ರೆ ವೇಗ ಬಿಡ್ಬೇಕು ಅಂತಿದ್ದವರ ಬಾಯಿ ಮುಚ್ಚಿತು. ಪೂರ್ತಿ ಅಲ್ಲ, ನ್ಯಾಯವಾಗಿ ಹೇಳ್ಬೇಕಲ್ಲ: ಕಳಿಸೋದು 16 ಬೈಟಿನ ಪುಟ್ಟ ಸಂದೇಶ ಆದ್ರೆ ಉಳಿದ ಏಳು ಸೀಟು ಖಾಲಿ ಬಸ್ ಓಡಿಸಿದ ಹಾಗೆ.

5/5
2010ರಿಂದ ಇಂಟೆಲ್ ಚಿಪ್‌ಗಳ ಒಳಗೇ ಎಇಎಸ್ ಆಜ್ಞೆಗಳು ಬಂದವು. ಲ್ಯಾಪ್‌ಟಾಪ್ ಇರೋರಿಗೆ ಕಥೆ ಅಲ್ಲಿಗೆ ಮುಗೀತು.

ಅಗ್ಗದ ಫೋನ್ ಇರೋರಿಗೆ ಮುಗಿಯಲಿಲ್ಲ. ಕಾರ್ಟೆಕ್ಸ್ ಎ7 ಥರದ ಚಿಪ್‌ಗಳಲ್ಲಿ ಆ ಆಜ್ಞೆ ಇಲ್ಲ. ಎಇಎಸ್ ತುಂಬ ನಿಧಾನ ಅಂತ ಅಂಥ ಫೋನ್‌ಗಳು ಸ್ಟೋರೇಜ್ ಎನ್‌ಕ್ರಿಪ್ಟ್ ಮಾಡದೇ ಇದ್ರೂ ಪರವಾಗಿಲ್ಲ ಅಂತ ಆಂಡ್ರಾಯ್ಡ್ ವಿನಾಯಿತಿ ಕೊಟ್ಟಿತ್ತು. ಅಂದ್ರೆ ಕಮ್ಮಿ ದುಡ್ಡಿನ ಫೋನ್ ಕಳೆದುಹೋದ್ರೆ ಒಳಗಿನ ಫೋಟೋ ಸಿಕ್ಕಿದವರ ಪಾಲು. 2019ರ ಫೆಬ್ರವರಿಯಲ್ಲಿ ಗೂಗಲ್ ಇದಕ್ಕೆ ಅಡಿಯಾಂಟಮ್ ಅನ್ನೋದನ್ನ ತಂತು. ಕಾರ್ಟೆಕ್ಸ್ ಎ7ನಲ್ಲಿ ಎಇಎಸ್‌ಗಿಂತ ಸುಮಾರು 5 ಪಟ್ಟು ವೇಗ. ಅದರ ಹೊಟ್ಟೆಯೊಳಗಿರೋದು ಚಾಚಾ ಅನ್ನೋ ಸೈಫರ್: ಕೂಡು, ಎಕ್ಸಾರ್ ಮಾಡು, ತಿರುಗಿಸು, ಅಷ್ಟೇ. ಟೇಬಲ್ಲೇ ಇಲ್ಲ. 2008ರಲ್ಲಿ ಅದನ್ನ ರಚಿಸಿದ್ದು ಅದೇ ಬರ್ನ್‌ಸ್ಟೀನ್.

ಅಡಿಯಾಂಟಮ್ ಎಇಎಸ್‌ನ ಪೂರ್ತಿ ಬಿಟ್ಟಿಲ್ಲ. 4096 ಬೈಟಿಗೆ ಒಂದೇ ಒಂದು ಸಲ ಕರೆಯುತ್ತೆ.