ಅಜ್ಜಿಯ ಸೂಜಿಕೊಳವೆ

ನಮ್ಮಜ್ಜಿಯ ಹೊಲಿಗೆ ಡಬ್ಬಿಯಲ್ಲಿ ಒಂದು ಹಿತ್ತಾಳೆಯ ಕೊಳವೆಯಿತ್ತು. ಕಿರುಬೆರಳಿಗಿಂತ ತುಸು ಉದ್ದ, ಬುಡದಲ್ಲಿ ದಪ್ಪ, ಬಾಯಿಯ ಕಡೆಗೆ ಬರಬರುತ್ತ ಸಣ್ಣ. ಬುಡದ ಮೇಲೆ ನಡುಪಟ್ಟಿ ಕಟ್ಟಿದ ಹಾಗೆ ಒಂದು ಉಬ್ಬು. ಅದರೊಳಗೆ ಅಜ್ಜಿ ಸೂಜಿಗಳನ್ನು ಹಾಕಿ, ಬಾಯಿಗೆ ಬೆಂಡಿನ ಚೂರು ತುರುಕಿ ಇಡುತ್ತಿದ್ದಳು. ವರ್ಷಕ್ಕೊಮ್ಮೆ ದೀಪಾವಳಿಗೆ ದೇವರ ಸಾಮಾನಿನ ಜೊತೆಗೆ ಅದಕ್ಕೂ ಹುಣಸೆಹಣ್ಣಿನ ಸ್ನಾನ. ಅದು ತೋಟಾ ಎಂದು ನನಗೆ ತಿಳಿದದ್ದು ಹತ್ತು ವರ್ಷವಾದ ಮೇಲೆ. ತಾತ ಕಾಫಿ ತೋಟದಲ್ಲಿ ರೈಟರಾಗಿದ್ದರಿಂದ, ತೋಟಾ ಎಂದರೆ ತೋಟದಿಂದ ಬಂದದ್ದು ಅಂತಲೇ ನಾನು ತಿಳಿದಿದ್ದೆ!

ಈಗ ಆ ಡಬ್ಬಿ ನನ್ನ ಬಳಿ ಇದೆ. ಹೋದ ವರ್ಷ ಅಮೆರಿಕದಲ್ಲಿರುವ ಅಣ್ಣನ ಮಗ ತರೀಕೆರೆಗೆ ಬಂದಿದ್ದ. ಅಲ್ಲಿ ಭಾನುವಾರಗಳಲ್ಲಿ ದೂರದ ಗುರಿಗೆ ರೈಫಲ್ ಹೊಡೆಯುವುದು ಅವನ ಹವ್ಯಾಸ. ಅವನ ಅಂಗಿಗೆ ಗುಂಡಿ ಹಾಕಲು ನಾನು ಡಬ್ಬಿ ತೆಗೆದರೆ, ಗುಂಡಿ ಮರೆತು ಕೊಳವೆಯನ್ನೇ ಹಿಡಿದು ಕೂತ. "ಅತ್ತೆ, ಇದು ಮುನ್ನೂರು ಹಾಲೆಂಡ್ ಮ್ಯಾಗ್ನಮ್! ಎಲ್ಲ ಮ್ಯಾಗ್ನಮ್‌ಗಳಿಗೂ ಅಜ್ಜಿ ಇದ್ದಹಾಗೆ ಇದು" ಎಂದ. ನನ್ನ ಟೇಪಿನಿಂದ ಅಳೆದೂ ಅಳೆದ. ೭೨ ಮಿಲಿಮೀಟರು.

ಮ್ಯಾಗ್ನಮ್ ಎನ್ನುವುದು ಮೊದಲು ದೊಡ್ಡ ಷಾಂಪೇನ್ ಸೀಸೆಯ ಹೆಸರಂತೆ. ಹೆಚ್ಚು ಮದ್ದು ಹಿಡಿಯುವ ತೋಟಾಕ್ಕೂ ಅದೇ ಹೆಸರು ಬಂತು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ೧೯೧೨ರಲ್ಲಿ ೩೭೫ ಮ್ಯಾಗ್ನಮ್ಮನ್ನೂ ೧೯೨೫ರಲ್ಲಿ ಈ ೩೦೦ನ್ನೂ ತಂದಿತು. ಇಷ್ಟು ಉದ್ದವೇಕೆ ಎಂದು ಕೇಳಿದೆ. ಆಗಿನ ಮದ್ದು ಕಾರ್ಡೈಟ್, ನಾವು ಒತ್ತಿ ಒಣಗಿಸುವ ಶಾವಿಗೆಯ ಹಾಗೆ ಎಳೆ ಎಳೆ. ಎಳೆಗಳನ್ನು ಉದ್ದಕ್ಕೆ ಜೋಡಿಸಿಡಲು ಉದ್ದ ಕೊಳವೆಯೇ ಅನುಕೂಲ. ನಮ್ಮ ಬಿಸಿಲಿಗೆ ಕಾರ್ಡೈಟ್ ಕಾದರೆ ಒಳಗಿನ ಒತ್ತಡ ಏರುತ್ತದೆ. ಆಗ ತೋಟಾ ನಳಿಗೆಯಲ್ಲಿ ಕಚ್ಚಿಕೊಂಡರೆ ಮುಂದೆ ನಿಂತ ಹುಲಿ ಕಾಯುತ್ತದೆಯೇ? ಅದಕ್ಕೇ ಒಳಗೆ ಧಾರಾಳ ಜಾಗ, ಹೊರಗೆ ಸಲೀಸಾಗಿ ಜಾರುವ ಇಳಿಜಾರು ಮೈ. ಆ ಮೈ ತಾನಾಗಿ ಎಲ್ಲೂ ನಿಲ್ಲದು. ತೋಟಾ ಒಳಕ್ಕೆ ಜಾರಿಹೋಗದಂತೆ ತಡೆಯುವುದು ಆ ನಡುಪಟ್ಟಿ.

ಆಮೇಲೆ ಅವನು ಪತ್ರಿಕೆಯ ಅಂಚಿನಲ್ಲಿ ಇನ್ನೆರಡು ಚಿತ್ರ ಬರೆದ. ೧೯೬೩ರ ೩೦೦ ವಿಂಚೆಸ್ಟರ್ ಮ್ಯಾಗ್ನಮ್, ಸುಮಾರು ೬೬ ಮಿಲಿಮೀಟರು, ಪಟ್ಟಿ ಉಂಟು. ೨೦೦೧ರಲ್ಲಿ ಬಂದ ಗಿಡ್ಡ ಮ್ಯಾಗ್ನಮ್ ಬರೀ ೫೩. ಪಟ್ಟಿಯಿಲ್ಲ, ಮೈ ಗುಂಡಗೆ, ಹೆಗಲು ಕಡಿದಾದದ್ದು. ಒಂದು ಗಿಂಡಿ, ಇನ್ನೊಂದು ಕುಳ್ಳ ತಂಬಿಗೆ! ಗಿಡ್ಡ ಒಲೆಯಲ್ಲಿ ಬೆಂಕಿ ಒಂದೇ ಸಮ ಹತ್ತುವಂತೆ ಗಿಡ್ಡ ತೋಟಾದಲ್ಲಿ ಮದ್ದು ಚೆನ್ನಾಗಿ ಉರಿಯುತ್ತದೆ ಎಂಬುದು ಅದರವರ ವಾದ. ನಿಜಕ್ಕೂ ಸಾಮಾನ್ಯ ತೂಕದ ಗುಂಡಿಗೆ ಎರಡರ ವೇಗವೂ ಹೆಚ್ಚುಕಡಿಮೆ ಒಂದೇ, ಸೆಕೆಂಡಿಗೆ ೯೦೦ ಮೀಟರಿನ ಆಸುಪಾಸು. ಗಿಡ್ಡದ್ದಕ್ಕೆ ಮದ್ದು ತುಸು ಕಡಿಮೆ ಸಾಕು, ಭುಜಕ್ಕೆ ಒದೆತವೂ ತುಸು ಕಡಿಮೆ, ಕೋವಿಯೂ ಚಿಕ್ಕದು. ಆದರೆ ಬಹಳ ದೂರಕ್ಕೆ ಬೇಕಾಗುವ ಉದ್ದನೆಯ ಭಾರದ ಗುಂಡು ಕೂರಿಸಿದರೆ ಅದು ಮದ್ದಿನ ಜಾಗವನ್ನೇ ಕಬಳಿಸುತ್ತದೆ. ಅಲ್ಲಿ ಉದ್ದದ್ದೇ ಮೇಲು. ಒಂದಾದ ಮೇಲೊಂದು ಒಳಕ್ಕೆ ಜಾರುವುದರಲ್ಲೂ ಗುಂಡನೆಯದಕ್ಕಿಂತ ಸಪೂರದ್ದೇ ಸಲೀಸು.

"ಹಾಗಾದರೆ ಯಾವುದು ಒಳ್ಳೆಯದೋ?" ಎಂದೆ. "ಎಷ್ಟು ದೂರಕ್ಕೆ ಅನ್ನೋದರ ಮೇಲೆ, ಅತ್ತೆ" ಎಂದ. ದೂರ ಎಂದ ಕೂಡಲೇ ನನಗೆ ತಾತ ನೆನಪಾದರು.

ನಮ್ಮ ಸೀಮೆಯಲ್ಲಿ ಕೋವಿಯ ಚರಿತ್ರೆ ಎರಡು ಬಗೆ. ಒಂದು ಕಾಡಿನದು. ಕೆನೆತ್ ಆಂಡರ್ಸನ್ ೧೯೫೪ರ ತನ್ನ ಮೊದಲ ಪುಸ್ತಕದಲ್ಲೇ ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಹುಲಿಯ ಕತೆ ಬರೆದಿದ್ದಾನೆ. ಆತನ ಕತೆಗಳನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರನ್ನು ಓದದ ಮನೆ ನಮ್ಮ ಜಿಲ್ಲೆಯಲ್ಲಿ ಕಡಿಮೆ. ಆತನ ಕೈಯಲ್ಲಿದ್ದದ್ದು ೪೦೫ ವಿಂಚೆಸ್ಟರ್, ೧೯೦೪ರ ತೋಟಾ. ಗುಂಡು ಭಾರ, ವೇಗ ಕಡಿಮೆ. ಮಚಾನಿನ ಮೇಲೆ ಕೂತು ಟಾರ್ಚಿನ ಬೆಳಕಿನಲ್ಲಿ ಕೆಲವೇ ಮಾರು ದೂರದ ಹುಲಿಗೆ ಹೊಡೆಯುವವನಿಗೆ ಅಷ್ಟು ಸಾಕು. ಅಲ್ಲಿ ಬೇಟೆಗಾರನೂ ಮೃಗವೂ ಒಬ್ಬರ ಉಸಿರು ಒಬ್ಬರಿಗೆ ಕೇಳುವಷ್ಟು ಹತ್ತಿರ.

ಇನ್ನೊಂದು ಬಯಲಿನದು. ಅಜ್ಜಂಪುರ, ಕಡೂರಿನ ಸುತ್ತಿನ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಆ ಎತ್ತುಗಳು ಫಿರಂಗಿ ಎಳೆದು ಹೆಸರಾದವು. ೧೯೨೯ರಲ್ಲಿ ಅಜ್ಜಂಪುರದಲ್ಲಿ ತಳಿ ಕೇಂದ್ರವಾಯಿತು. ದನಗಳ ನಡುವೆಯೇ ಕೃಷ್ಣಮೃಗಗಳೂ ಮೇಯುತ್ತಿದ್ದವು. ಬಯಲಿನಲ್ಲಿ ಮರೆಯಿಲ್ಲ, ಹತ್ತಿರ ಹೋದರೆ ಓಡುತ್ತವೆ. ಅಲ್ಲಿಗೇ ಬೇಕಾದದ್ದು ದೂರದ ತೋಟಾ.

೧೯೫೬ರ ಬೇಸಿಗೆಯಲ್ಲಿ ತೋಟದ ಸಾಹುಕಾರರು ತಾತನನ್ನೂ ಜೀಪಿನಲ್ಲಿ ಅಜ್ಜಂಪುರದ ಕಡೆಯ ಕಾವಲಿಗೆ ಕರೆದೊಯ್ದರಂತೆ. ಮುನ್ನೂರು ಹೆಜ್ಜೆ ದೂರದಲ್ಲಿ ಹಿಂಡು. "ನೀವೂ ಒಂದು ಈಡು ಹೊಡೀರಿ ರೈಟರೇ" ಎಂದು ಕೋವಿ ಕೈಗಿಟ್ಟರು. ತಾತ ಹೊಡೆದರು. ಸದ್ದು ಅಲ್ಲಿಗೆ ಮುಟ್ಟುವ ಮೊದಲೇ ಗುಂಡು ಮುಟ್ಟುತ್ತದೆ. ಆದರೆ ಅಷ್ಟರಲ್ಲೇ ಮೃಗ ಒಂದು ಹೆಜ್ಜೆ ಇಟ್ಟಿತ್ತು. ಹಿಂಗಾಲಿಗೆ ತಗುಲಿ, ಮೂರು ಕಾಲಿನಲ್ಲಿ ಓಡಿತು. ಸಂಜೆಯವರೆಗೆ ಹುಡುಕಿದರೂ ಸಿಗಲಿಲ್ಲ. ಹುಲ್ಲಿನ ಮೇಲೆ ಅಲ್ಲೊಂದು ಇಲ್ಲೊಂದು ರಕ್ತದ ಹನಿ ಅಷ್ಟೇ.

ತಾತ ಆ ರಾತ್ರಿ ಊಟ ಮಾಡಲಿಲ್ಲ. ಮತ್ತೆ ಕೋವಿ ಮುಟ್ಟಲಿಲ್ಲ. ಕೋಟು ಒಗೆಯಲು ತೆಗೆದಾಗ ಅಜ್ಜಿಗೆ ಜೇಬಿನಲ್ಲಿ ಖಾಲಿ ತೋಟಾ ಸಿಕ್ಕಿತು. ಎಸೆಯೋಣವೆಂದು ತಾತ ಅಂದರಂತೆ. "ಬೇಡ, ಇರಲಿ. ಅಷ್ಟು ದೂರಕ್ಕೆ ಅದರ ಕಣ್ಣು ನಿಮಗೆ ಕಾಣಲಿಲ್ಲವಲ್ಲ, ಇದಾದರೂ ಕಣ್ಣಿಗೆ ಬೀಳ್ತಿರಲಿ" ಎಂದಳಂತೆ ಅಜ್ಜಿ. ಬೈದದ್ದೋ, ಸಮಾಧಾನ ಹೇಳಿದ್ದೋ, ನಮ್ಮಮ್ಮನಿಗೂ ಕೊನೆಯವರೆಗೆ ಗೊತ್ತಾಗಲಿಲ್ಲ.

೧೯೭೨ರ ವನ್ಯಜೀವಿ ಕಾಯಿದೆ ಆ ಶಿಕಾರಿಗೆ ತೆರೆ ಎಳೆಯಿತು. ೧೯೯೮ರಲ್ಲಿ ಭದ್ರಾ ಕಾಡು ಹುಲಿ ಯೋಜನೆಗೆ ಸೇರಿತು. ೨೦೧೧ರಲ್ಲಿ ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಯಿತು.

ಊರಿಗೆ ಹೊರಡುವ ಮುನ್ನ ಹುಡುಗನನ್ನು ಬಾಸೂರಿಗೆ ಕರೆದುಕೊಂಡು ಹೋದೆ. ದೂರದಲ್ಲಿ ಹಿಂಡು ಕಂಡಿತು. ಅವನು ಕಣ್ಣು ಕಿರಿದು ಮಾಡಿ, ಅಭ್ಯಾಸಬಲದಿಂದ, "ಮುನ್ನೂರು ಗಜ ಇರಬಹುದು" ಎಂದ. ಆಮೇಲೆ ನನ್ನ ಮುಖ ನೋಡಿ ಸುಮ್ಮನಾದ. ತಾತನ ಕತೆಯನ್ನು ಹಿಂದಿನ ರಾತ್ರಿಯಷ್ಟೇ ಹೇಳಿದ್ದೆ.

ಮನೆಗೆ ಬಂದು ಅವನ ಅಂಗಿಗೆ ಗುಂಡಿ ಹಾಕಿಕೊಟ್ಟು, ಸೂಜಿಯನ್ನು ಕೊಳವೆಗೆ ಹಾಕಿ ಬೆಂಡು ಮುಚ್ಚಿದೆ.