ಮೈಸೂರಿನ ಸೂತ್ರ, ಸರ್ಕಾರದ ಸೀಸೆ

ದೆಹಲಿಯ ಪ್ರಗತಿ ಮೈದಾನದ ವಾಣಿಜ್ಯ ಮೇಳಕ್ಕೆ ನಾವು ಸಂಸಾರ ಸಮೇತ ಹೋಗಿ ಕರ್ನಾಟಕದ ಮಳಿಗೆಯನ್ನು ಹುಡುಕುವುದುಂಟು. ಅದೇ ಮೈದಾನದ ಮೇಳವೊಂದರಲ್ಲಿ ಹಿಂದೆ ಮೈಸೂರಿನ ಕೂಸೊಂದು ಲೋಕಕ್ಕೆ ಮುಖ ತೋರಿಸಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅದರ ಹೆಸರು ‘ಡಬಲ್ ಸೆವೆನ್’. ಕೇಂದ್ರ ಸರ್ಕಾರವೇ ತಯಾರಿಸಿ ಮಾರಿದ ತಂಪು ಪಾನೀಯ!

1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯ ಪ್ರಕಾರ ಬಹುತೇಕ ವಿದೇಶಿ ಕಂಪೆನಿಗಳು ಇಲ್ಲಿನ ತಮ್ಮ ಬಂಡವಾಳದ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕಾಗಿತ್ತು. 1977ರಲ್ಲಿ ಜನತಾ ಸರ್ಕಾರದ ಕೈಗಾರಿಕಾ ಮಂತ್ರಿ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ಕೋಕಾ ಕೋಲಾದವರಿಗೂ ಇದೇ ಮಾತು ಹೇಳಿದರು. ಪಾಲು ಬಿಟ್ಟರೆ ಸಾರದ ಗುಟ್ಟನ್ನೂ ಬಿಟ್ಟಂತೆ ಎಂದು ಕಂಪೆನಿ ದೇಶವನ್ನೇ ಬಿಟ್ಟಿತು.

ಬದಲಿ ಸೂತ್ರ ಸಿದ್ಧವಾದದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಈ ಸಂಸ್ಥೆ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಕಂಡುಹಿಡಿದು ಹೆಸರು ಮಾಡಿತ್ತು. ಕೋಲಾ ಅದಕ್ಕೇನು ಮಹಾ? ತಯಾರಿಕೆಯ ಹೊಣೆ ಬಿದ್ದದ್ದು ಮಾಡರ್ನ್ ಬ್ರೆಡ್ ಮಾಡುತ್ತಿದ್ದ ಸರ್ಕಾರಿ ಕಂಪೆನಿಯ ಮೇಲೆ. ಹೆಸರಿನಲ್ಲೇ 1977ನೆಯ ಇಸವಿ.

ಆದರೆ ಕೋಲಾದ ನಿಜವಾದ ಗುಟ್ಟು ಸಾರದಲ್ಲಿರಲಿಲ್ಲವೆಂಬುದು ನಮ್ಮ ಎಣಿಕೆ. ಸಕ್ಕರೆ, ನೀರು, ಒಂದಿಷ್ಟು ಆಮ್ಲ, ಇಂಗಾಲಾಮ್ಲ ಅನಿಲ – ಇಷ್ಟೇ ಅದರ ಮೈ. ಅನಿಲವಾದರೋ ತಣ್ಣೀರಿನಲ್ಲಿ ಹೆಚ್ಚು ಕರಗಿರುತ್ತದೆ, ನೀರು ಬಿಸಿಯಾದಂತೆ ಹಾರಿಹೋಗುತ್ತದೆ. ಬಿಸಿಲಲ್ಲಿಟ್ಟ ಸೀಸೆಯ ಮುಚ್ಚಳ ತೆಗೆದರೆ ಬುಸ್ಸೆಂದು ನೊರೆಯೆದ್ದು, ಉಳಿಯುವುದು ಸಪ್ಪೆ ಪಾನಕ. ಆದ್ದರಿಂದ ಅಂಗಡಿ ಅಂಗಡಿಯಲ್ಲೂ ಮಂಜುಗಡ್ಡೆಯ ಪೆಟ್ಟಿಗೆ ಬೇಕು, ಸೀಸೆ ತುಂಬುವ ಕಾರ್ಖಾನೆ ಬೇಕು, ಲಾರಿ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಖಾಲಿ ಸೀಸೆ ತಿರುಗಿ ಬರಬೇಕು. ಬ್ರೆಡ್ಡಿಗೆ ಈ ರಗಳೆ ಇಲ್ಲ. ತಿಂದವರು ಕಾಗದ ಬಿಸಾಡಿದರಾಯಿತು.

ದೆಹಲಿಯ ಪ್ಯೂರ್ ಡ್ರಿಂಕ್ಸ್‌ನವರು ಕೋಕಾ ಕೋಲಾವನ್ನೇ ಸೀಸೆಗೆ ತುಂಬುತ್ತಿದ್ದವರು. ಯಂತ್ರವೂ ಗಿರಾಕಿಯೂ ಅವರ ಕೈಯಲ್ಲಿದ್ದುದರಿಂದ ‘ಕ್ಯಾಂಪಾ ಕೋಲಾ’ ಸಲೀಸಾಗಿ ನಡೆಯಿತು. ‘ಗೋಲ್ಡ್ ಸ್ಪಾಟ್’ ಮಾರಿ ಪಳಗಿದ್ದ ಪಾರ್ಲೆಯವರು 1977ರಲ್ಲೇ ‘ಥಮ್ಸ್ ಅಪ್’ ತಂದರು. ಇಂಥ ಅಂಗಡಿ ಬಲ್ಲ ವರ್ತಕರ ಎದುರು ಇಲಾಖೆಯ ಕೋಲಾ ಪೈಪೋಟಿ ನಡೆಸಬೇಕಾಯಿತು.

ಮೇಲಾಗಿ ಆ ಹೆಸರು! ಇಂದಿರಾ ಗಾಂಧಿಯವರು ಸೋತ ವರ್ಷವನ್ನು ಹಣೆಯ ಮೇಲೆ ಬರೆದುಕೊಂಡ ಪಾನೀಯ, ಅವರೇ 1980ರ ಜನವರಿಯಲ್ಲಿ ಮತ್ತೆ ಪ್ರಧಾನಿಯಾದಾಗ ಯಾರ ಆಸರೆ ಬೇಡೀತು? ಡಬಲ್ ಸೆವೆನ್ ಸದ್ದಿಲ್ಲದೆ ಸೊರಗಿ ಮರೆಯಾಯಿತು.

1993ರಲ್ಲಿ ಕೋಕಾ ಕೋಲಾ ಮರಳಿ ಬಂದು ಥಮ್ಸ್ ಅಪ್ಪನ್ನೇ ಕೊಂಡುಕೊಂಡಿತು. 2000ದ ಜನವರಿಯಲ್ಲಿ ಸರ್ಕಾರ ಆ ಬ್ರೆಡ್ ಕಂಪೆನಿಯ ಶೇಕಡಾ 74ರಷ್ಟು ಪಾಲನ್ನು ಹಿಂದೂಸ್ಥಾನ್ ಲೀವರ್‌ಗೆ ಮಾರಿತು. ಕ್ಯಾಂಪಾವನ್ನು 2022ರಲ್ಲಿ ರಿಲಯನ್ಸ್ ಕೊಂಡು, ಮರುವರ್ಷ ಮತ್ತೆ ಅಂಗಡಿಗೆ ಇಳಿಸಿತು. ನಮ್ಮ ಮೈಸೂರಿನ ಕೋಲಾವನ್ನು ಮಾತ್ರ ಯಾರೂ ಕೇಳಿಕೊಂಡು ಬರಲಿಲ್ಲ.